ಚಿತ್ರವನ್ನು ಹೊತ್ತೊಯ್ಯುವ ತಂತಿಗಳು

ಗಣಕಯಂತ್ರಕ್ಕೂ ಪರದೆಗೂ ನಡುವೆ ಇರುವ ತಂತಿಯನ್ನು ನಾವು ಗಮನವಿಟ್ಟು ನೋಡುವುದು ಅಪರೂಪ. ಚಿತ್ರ ಸರಿಯಾಗಿ ಮೂಡುತ್ತಿರುವ ತನಕ ನೋಡಬೇಕಾದ ಕಾರಣವೂ ಇರುವುದಿಲ್ಲ. ಆದರೆ ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಪ್ರೊಜೆಕ್ಟರನ್ನೂ ಈಚೆಗೆ ಕೊಂಡ ಲ್ಯಾಪ್‌ಟಾಪನ್ನೂ ಕೂಡಿಸುವ ಸಂದರ್ಭ ಬಂದಾಗ ತೊಡಕು ತಲೆದೋರುತ್ತದೆ. ಪ್ರೊಜೆಕ್ಟರಿನಿಂದ ಇಳಿದು ಬಂದ ದಪ್ಪ ತಂತಿಯ ತುದಿಯಲ್ಲಿ ನೀಲಿ ಬಣ್ಣದ ಪ್ಲಗ್ಗು. ಅದರಲ್ಲಿ ಮೂರು ಸಾಲುಗಳಲ್ಲಿ ಹದಿನೈದು ಪಿನ್ನುಗಳು. ಎರಡು ಪಕ್ಕಗಳಲ್ಲಿ ತಿರುಗಿಸಿ ಬಿಗಿಯುವ ಸ್ಕ್ರೂಗಳು. ಲ್ಯಾಪ್‌ಟಾಪಿನಲ್ಲಾದರೋ ಅದನ್ನು ಚುಚ್ಚುವ ಸ್ಥಳವೇ ಇಲ್ಲ. ಅಲ್ಲಿರುವುದು ಬೆರಳಿನ ಉಗುರಿನಷ್ಟು ಅಗಲದ ಒಂದು ಚಪ್ಪಟೆ ಸೀಳು ಮಾತ್ರ. "ಪ್ರೊಜೆಕ್ಟರ್ ಹಳೆಯದಾಯಿತು, ಹೊಸದನ್ನು ತರಿಸಬೇಕು" ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸಾಮಾನ್ಯ ಕಾಲೇಜೊಂದಕ್ಕೆ ಹೊಸ ಪ್ರೊಜೆಕ್ಟರ್ ಎಂದರೆ ಹತ್ತಾರು ಸಾವಿರ ರೂಪಾಯಿಗಳ ಮಾತು. ಆದಕಾರಣ, ಆ ಎರಡು ಬಗೆಯ ತಂತಿಗಳಲ್ಲಿ ನಿಜವಾಗಿ ಹರಿಯುವುದೇನು, ಒಂದರ ಬದಲು ಇನ್ನೊಂದು ಏಕೆ ಬಂದಿತು, ಎರಡನ್ನೂ ಹೊಂದಿಸಲು ಸಾಧ್ಯವೇ ಎಂಬುದನ್ನು ವಿಚಾರ ಮಾಡುವುದು ಪ್ರಯೋಜನಕರ. ಇದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲವೂ ಕಾಲೇಜಿನ ಮೊದಲ ವರ್ಷಗಳ ಪಾಠದಲ್ಲೇ ಇದೆ.

ಚಿತ್ರವನ್ನು ಎಳೆ ಎಳೆಯಾಗಿ ಬಿಚ್ಚುವುದು

ಚಿತ್ರಕ್ಕೆ ಉದ್ದವೂ ಅಗಲವೂ ಉಂಟು. ತಂತಿಯಲ್ಲಿ ಒಂದು ಕ್ಷಣಕ್ಕೆ ಹೋಗಬಲ್ಲದ್ದು ಒಂದೇ ಒಂದು ವೋಲ್ಟೇಜು. ಹಾಗಾದರೆ ಇಡೀ ಚಿತ್ರವನ್ನು ತಂತಿಯಲ್ಲಿ ಕಳುಹಿಸುವುದು ಹೇಗೆ? ನೇಯ್ದ ಸೀರೆಯೊಂದನ್ನು ಎಳೆ ಎಳೆಯಾಗಿ ಬಿಚ್ಚಿ, ಆ ನೂಲನ್ನೆಲ್ಲ ತುದಿಗೆ ತುದಿ ಗಂಟಿಕ್ಕಿ ಒಂದೇ ಉದ್ದ ನೂಲಾಗಿ ಇನ್ನೊಂದು ಊರಿಗೆ ಎಳೆದೊಯ್ದು, ಅಲ್ಲಿ ಮತ್ತೆ ಅದೇ ಕ್ರಮದಲ್ಲಿ ನೇಯ್ದರೆ ಸೀರೆ ಮರಳಿ ಬರುವುದಷ್ಟೆ? ಚಿತ್ರವನ್ನು ಕಳುಹಿಸುವ ಉಪಾಯವೂ ಇದೇ. ಚಿತ್ರವನ್ನು ಮೇಲಿನಿಂದ ಕೆಳಕ್ಕೆ ನೂರಾರು ಅಡ್ಡಗೆರೆಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ಗೆರೆಯನ್ನೂ ಎಡದಿಂದ ಬಲಕ್ಕೆ ಓದುತ್ತ, ಎಲ್ಲಿ ಬೆಳಕು ಹೆಚ್ಚೋ ಅಲ್ಲಿ ಹೆಚ್ಚು ವೋಲ್ಟೇಜು, ಎಲ್ಲಿ ಕತ್ತಲೆಯೋ ಅಲ್ಲಿ ಕಡಿಮೆ ವೋಲ್ಟೇಜು ಕಳುಹಿಸುತ್ತಾರೆ. ಗೆರೆ ಮುಗಿಯಿತೆಂಬುದಕ್ಕೆ ಒಂದು ಗುರುತು, ಚಿತ್ರ ಮುಗಿಯಿತೆಂಬುದಕ್ಕೆ ಇನ್ನೊಂದು ಗುರುತು. ಈ ಗುರುತುಗಳಿಗೆ ಸಿಂಕ್ ಸಂಕೇತಗಳೆಂದು ಹೆಸರು. ಪರದೆ ಅದೇ ಕ್ರಮದಲ್ಲಿ ಗೆರೆಗಳನ್ನು ಜೋಡಿಸುತ್ತ ಹೋಗುತ್ತದೆ. ಇದೆಲ್ಲವೂ ಕಣ್ಣು ಹಿಡಿಯಲಾರದಷ್ಟು ವೇಗದಲ್ಲಿ ನಡೆಯುವುದರಿಂದ ನಮಗೆ ಕಾಣುವುದು ಇಡೀ ಚಿತ್ರವೇ.

ಈ ಉಪಾಯ ನಮ್ಮ ಸೀಮೆಗೆ ಬಂದದ್ದು ದೇಶದ ಎಷ್ಟೋ ನಗರಗಳಿಗಿಂತ ಮೊದಲು ಎಂಬುದು ಸ್ವಾರಸ್ಯದ ಸಂಗತಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹ ದೂರದರ್ಶನದ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡ ಜಿಲ್ಲೆಗಳು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಪ್ರಯೋಗದ ಕಾಲಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರು ಜಿಲ್ಲೆಗೇ ಸೇರಿದ್ದವು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹ ಕಳುಹಿಸಿದ ಸಂಕೇತವನ್ನು ಮೂರು ಮೀಟರ್ ಅಡ್ಡಳತೆಯ, ತಂತಿಬಲೆಯಿಂದ ಕಟ್ಟಿದ ಬಟ್ಟಲಿನಂತಹ ಆಂಟೆನಾ ಹಿಡಿಯುತ್ತಿತ್ತು. ಅಲ್ಲಿಂದ ಒಂದು ಪರಿವರ್ತಕದ ಪೆಟ್ಟಿಗೆ, ಅದರಿಂದ ದೂರದರ್ಶನದ ಪೆಟ್ಟಿಗೆ. ನಡುವೆ ಪರಿವರ್ತಕವೇಕೆ? ಉಪಗ್ರಹದ ಸಂಕೇತದಲ್ಲಿ ಚಿತ್ರವು ಅಲೆಯ ಆವೃತ್ತಿಯ ಏರಿಳಿತದ ರೂಪದಲ್ಲಿತ್ತು. ಸಾಮಾನ್ಯ ದೂರದರ್ಶನದ ಪೆಟ್ಟಿಗೆಗೆ ಬೇಕಾದದ್ದು ಅಲೆಯ ಎತ್ತರದ ಏರಿಳಿತ. ಚಿತ್ರ ಒಂದೇ ಆದರೂ ಅದನ್ನು ಹೇಳುವ ಭಾಷೆ ಬೇರೆ. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕಾಯಿತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಇಂದಿನ ತಂತಿಗಳ ತೊಡಕು ಅರ್ಧ ಬಗೆಹರಿದಂತೆ.

ಒಂದೇ ತಂತಿಯಲ್ಲಿ ಎಲ್ಲ ಬಣ್ಣಗಳು

ಭಾರತದ ಹಳೆಯ ದೂರದರ್ಶನ ಪದ್ಧತಿಯಲ್ಲಿ ಚಿತ್ರವೊಂದಕ್ಕೆ 625 ಗೆರೆಗಳು. ಸೆಕೆಂಡಿಗೆ 25 ಚಿತ್ರಗಳು. 1982ರಲ್ಲಿ ಬಣ್ಣ ಬಂದಾಗ, ಕಪ್ಪು ಬಿಳುಪಿನ ಹಳೆಯ ಪೆಟ್ಟಿಗೆಗಳೂ ಕೆಲಸ ಮಾಡಬೇಕಾಗಿದ್ದುದರಿಂದ, ಬಣ್ಣದ ವಿವರವನ್ನು 4.43 ಮೆಗಾಹರ್ಟ್ಸ್ ಆವೃತ್ತಿಯ ಒಂದು ಉಪವಾಹಕ ಅಲೆಯ ಮೇಲೆ ಏರಿಸಿ ಬೆಳಕಿನ ಸಂಕೇತದೊಂದಿಗೇ ಬೆರೆಸಿ ಕಳುಹಿಸುತ್ತಿದ್ದರು. ಡಿ.ವಿ.ಡಿ. ಪೆಟ್ಟಿಗೆಗಳ ಹಿಂದೆ ಕಾಣುವ ಹಳದಿ ಬಣ್ಣದ ದುಂಡು ಪ್ಲಗ್ಗು ಈ ಬೆರಕೆ ಸಂಕೇತವನ್ನು ಒಯ್ಯುವಂಥದು. ಬೆರೆಸಿದ್ದನ್ನು ಪೂರ್ತಿಯಾಗಿ ಬೇರ್ಪಡಿಸುವುದು ಕಷ್ಟ. ಸಣ್ಣ ಗೀಟುಗಳ ಅಥವಾ ಚೌಕುಳಿಯ ಸೀರೆ ಉಟ್ಟವರು ಪರದೆಯ ಮೇಲೆ ಬಂದಾಗ ಆ ಗೀಟುಗಳಲ್ಲಿ ಇಲ್ಲದ ಕಾಮನಬಿಲ್ಲಿನ ಬಣ್ಣಗಳು ಹರಿದಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಗೀಟುಗಳ ಸೂಕ್ಷ್ಮ ವಿವರವನ್ನೇ ಪೆಟ್ಟಿಗೆ ಬಣ್ಣವೆಂದು ತಪ್ಪು ತಿಳಿಯುತ್ತಿದ್ದುದೇ ಅದಕ್ಕೆ ಕಾರಣ. ಆಟಪಾಟಗಳಿಗೆ ಸಾಲುವ ಈ ಪದ್ಧತಿ ಗಣಕಯಂತ್ರದ ಸಣ್ಣ ಅಕ್ಷರಗಳಿಗೆ ಸಾಲದಾಯಿತು.

ನೀಲಿ ಪ್ಲಗ್ಗಿನ ಒಳಗೆ

1987ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ ಪಿ.ಎಸ್./2 ಗಣಕಯಂತ್ರಗಳೊಡನೆ ವಿ.ಜಿ.ಎ. ಎಂಬ ಏರ್ಪಾಡನ್ನು ಹೊರತಂದಿತು. ಇದರಲ್ಲಿ ಬಣ್ಣಗಳನ್ನು ಬೆರೆಸುವುದಿಲ್ಲ. ಕೆಂಪಿಗೆ ಒಂದು ತಂತಿ, ಹಸಿರಿಗೆ ಒಂದು, ನೀಲಿಗೆ ಒಂದು. ಗೆರೆಯ ಗುರುತಿಗೆ ಮತ್ತು ಚಿತ್ರದ ಗುರುತಿಗೆ ಇನ್ನೆರಡು. ಬಣ್ಣದ ತಂತಿಯಲ್ಲಿ ಸೊನ್ನೆ ವೋಲ್ಟ್ ಇದ್ದರೆ ಆ ಬಣ್ಣ ಇಲ್ಲ; 0.7 ವೋಲ್ಟ್ ಇದ್ದರೆ ಆ ಬಣ್ಣ ಪೂರ್ಣ. ನಡುವಿನ ಬೆಲೆಗಳಿಗೆ ನಡುವಿನ ಛಾಯೆಗಳು. ಮೊದಲಿನ ವಿ.ಜಿ.ಎ. ಚಿತ್ರದಲ್ಲಿ ಅಡ್ಡಲಾಗಿ 640, ಉದ್ದಕ್ಕೆ 480 ಚುಕ್ಕೆಗಳು. ಪಿಕ್ಸೆಲ್ ಎಂದು ಕರೆಯುವ ಈ ಚುಕ್ಕೆಗಳು ಸೆಕೆಂಡಿಗೆ ಸುಮಾರು ಎರಡೂವರೆ ಕೋಟಿಯ ವೇಗದಲ್ಲಿ ಹೊರಡುತ್ತಿದ್ದವು. ಅದೇ ಪ್ಲಗ್ಗಿನ ಮೂಲಕ ಮುಂದೆ ಇನ್ನೂ ಸೂಕ್ಷ್ಮವಾದ ಚಿತ್ರಗಳೂ ಹಾದುಹೋದವು. ಅನೇಕ ಕಾಲೇಜುಗಳ ಪ್ರೊಜೆಕ್ಟರುಗಳಲ್ಲಿರುವ 1024 × 768 ಚುಕ್ಕೆಗಳ ಚಿತ್ರದಲ್ಲಿ ಚುಕ್ಕೆಗಳ ವೇಗ ಸೆಕೆಂಡಿಗೆ ಆರೂವರೆ ಕೋಟಿ. ಎಂದರೆ ಒಂದು ಚುಕ್ಕೆಗೆ ದೊರೆಯುವ ಕಾಲ ಸುಮಾರು 15 ನ್ಯಾನೋ ಸೆಕೆಂಡು ಮಾತ್ರ.

ಇಲ್ಲಿ ವೋಲ್ಟೇಜು ಬೆಳಕಿನ ಪ್ರತಿಬಿಂಬದಂತೆ ಏರಿಳಿಯುತ್ತದೆ. ಇದಕ್ಕೆ ಅನುರೂಪ ಪದ್ಧತಿ ಅಥವಾ ಅನಲಾಗ್ ಪದ್ಧತಿ ಎಂದು ಹೆಸರು. ಪರದೆಯು ತಂತಿಯನ್ನು ಪ್ರತಿ ಕ್ಷಣವೂ ಕೇಳುವ ಪ್ರಶ್ನೆ ಒಂದೇ: "ಎಷ್ಟು?" ಉತ್ತರ ಕೊಂಚ ತಪ್ಪಿದರೂ ಚಿತ್ರ ಕೊಂಚ ತಪ್ಪುತ್ತದೆ. ಉತ್ತರ ತಪ್ಪಲು ಇರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಕ್ಷಯ. ಹುಲಿಗಿಗೆ ಬಂದವರು ಪಕ್ಕದ ಮುನಿರಾಬಾದಿನಲ್ಲಿ ತುಂಗಭದ್ರೆಯ ಅಣೆಕಟ್ಟನ್ನೂ ಅಲ್ಲಿಂದ ಹೊರಡುವ ಎಡದಂಡೆ ಕಾಲುವೆಯನ್ನೂ ನೋಡಿರಬಹುದು. ಕಾಲುವೆಯ ತಲೆಯಲ್ಲಿ ಬಿಟ್ಟಷ್ಟು ನೀರು ಗಂಗಾವತಿ, ಸಿಂಧನೂರುಗಳನ್ನು ದಾಟಿ ಕೊನೆಯ ಭಾಗದ ಗದ್ದೆಗೆ ತಲಪುವುದಿಲ್ಲ ಎಂಬುದು ಆ ರೈತರ ಹಳೆಯ ಅಳಲು. ತಂತಿಯಲ್ಲಿಯೂ ಹಾಗೆಯೇ. ಆದರೆ ತಂತಿಯ ನಷ್ಟದಲ್ಲಿ ಒಂದು ವಿಶೇಷವಿದೆ. ಆವೃತ್ತಿ ಹೆಚ್ಚಿದಂತೆ ವಿದ್ಯುತ್ತು ತಾಮ್ರದ ಒಳಭಾಗವನ್ನು ಬಿಟ್ಟು ಮೇಲ್ಮೈಯ ತೆಳುಪದರದಲ್ಲಷ್ಟೇ ಹರಿಯತೊಡಗುತ್ತದೆ. ಹರಿಯುವ ದಾರಿ ಕಿರಿದಾದಷ್ಟೂ ರೋಧ ಹೆಚ್ಚು; ಈ ಕಾರಣದ ನಷ್ಟವು ಆವೃತ್ತಿಯ ವರ್ಗಮೂಲಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ. ಚಿತ್ರದಲ್ಲಿ ವಿಶಾಲವಾದ ಆಕಾಶವೋ ಗೋಡೆಯೋ ಇದ್ದರೆ ವೋಲ್ಟೇಜು ನಿಧಾನವಾಗಿ ಬದಲಾಗುತ್ತದೆ. ಅದು ಕಡಿಮೆ ಆವೃತ್ತಿ. ಸಣ್ಣ ಅಕ್ಷರದ ಅಂಚಿನಲ್ಲಿ ವೋಲ್ಟೇಜು ಥಟ್ಟನೆ ಜಿಗಿಯುತ್ತದೆ. ಅದು ಹೆಚ್ಚು ಆವೃತ್ತಿ. ಆದ್ದರಿಂದ ಉದ್ದ ತಂತಿಯಲ್ಲಿ ಮೊದಲು ಹಾಳಾಗುವುದು ಅಕ್ಷರಗಳ ಅಂಚು. ಭಾವಚಿತ್ರ ಚೆನ್ನಾಗಿ ಕಾಣುತ್ತಿದ್ದರೂ ಕೋಷ್ಟಕದ ಅಂಕಿಗಳು ಮಸಕಾಗುವುದಕ್ಕೆ ಇದೇ ಕಾರಣ.

ಎರಡನೆಯದು ಪ್ರತಿಫಲನ. ತಂತಿಯ ಲಕ್ಷಣ ರೋಧ 75 ಓಮ್. ಪರದೆಯ ಒಳಗಿನ ರೋಧವೂ 75 ಓಮ್ ಇದ್ದರೆ ಬಂದ ಅಲೆಯೆಲ್ಲವೂ ಅಲ್ಲಿ ಹೀರಲ್ಪಡುತ್ತದೆ. ಹೊಂದಿಕೆ ತಪ್ಪಿದರೆ ಅಲೆಯ ಒಂದಂಶ, ಬೆಟ್ಟಕ್ಕೆ ತಾಗಿದ ಕೂಗಿನಂತೆ, ಹಿಂದಕ್ಕೆ ಹೊರಳುತ್ತದೆ. ಗಣಕಯಂತ್ರದ ತುದಿಯಲ್ಲಿಯೂ ಹೊಂದಿಕೆ ತಪ್ಪಿದ್ದರೆ ಅಲ್ಲಿಂದ ಮತ್ತೆ ಹೊರಳಿ ಪರದೆಗೆ ಬರುತ್ತದೆ. ತಂತಿಯಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಸುಮಾರು ಮೂರರಲ್ಲಿ ಎರಡು ಪಾಲು. ನ್ಯಾನೋ ಸೆಕೆಂಡಿಗೆ 20 ಸೆಂಟಿಮೀಟರ್ ಎನ್ನೋಣ. ವೇದಿಕೆಯಿಂದ ಪ್ರೊಜೆಕ್ಟರಿಗೆ 15 ಮೀಟರ್ ತಂತಿ ಇದ್ದರೆ, ಈ ಮಾರ್ದನಿಯು ಹೋಗಿ ಬರಲು ಹೆಚ್ಚಿಗೆ ನಡೆಯುವ ದೂರ 30 ಮೀಟರ್; ತಡವಾಗುವ ಕಾಲ 150 ನ್ಯಾನೋ ಸೆಕೆಂಡು. ಅಷ್ಟರಲ್ಲಿ ಪ್ರೊಜೆಕ್ಟರ್ ಸುಮಾರು ಹತ್ತು ಚುಕ್ಕೆಗಳಷ್ಟು ಬಲಕ್ಕೆ ಸರಿದಿರುತ್ತದೆ. ಚಿತ್ರದ ಅಗಲ 3 ಮೀಟರ್ ಇದ್ದರೆ ಒಂದು ಚುಕ್ಕೆಯ ಅಗಲ ಸುಮಾರು 3 ಮಿಲಿಮೀಟರ್. ಆದ್ದರಿಂದ ಪ್ರತಿ ಅಕ್ಷರದ ಬಲಕ್ಕೂ 3 ಸೆಂಟಿಮೀಟರ್ ದೂರದಲ್ಲಿ ಒಂದು ಮಬ್ಬಾದ ನೆರಳು ಬೀಳುತ್ತದೆ. ಇಂತಹ ನೆರಳು ಕಂಡರೆ ಅಡಿಪಟ್ಟಿಯಿಂದ ಅದರ ದೂರವನ್ನಳೆದು, ಗೋಡೆಯೊಳಗೆ ಅಡಗಿರುವ ತಂತಿಯ ಉದ್ದವನ್ನು ಲೆಕ್ಕ ಹಾಕಬಹುದು. ವಿದ್ಯಾರ್ಥಿಗಳು ಮಾಡಿ ನೋಡತಕ್ಕ ಪ್ರಯೋಗವಿದು.

ಒಂದೇ ಗಣಕಯಂತ್ರದಿಂದ ಎರಡು ಪರದೆಗಳಿಗೆ ಕವಲು ತಂತಿ ಹಾಕಿದಾಗಲೂ ಹೊಂದಿಕೆ ತಪ್ಪುತ್ತದೆ. 75 ಓಮಿನ ಎರಡು ರೋಧಗಳು ಸಮಾಂತರವಾಗಿ ಸೇರಿ 37.5 ಓಮ್ ಆಗುತ್ತವೆ, 0.7 ವೋಲ್ಟಿನ ಸ್ಥಾನದಲ್ಲಿ ದೊರೆಯುವುದು 0.47 ವೋಲ್ಟ್. ಎರಡು ಪರದೆಗಳಲ್ಲಿಯೂ ಚಿತ್ರ ಮಂಕಾಗುತ್ತದೆ.

ಮೂರನೆಯದು ಗದ್ದಲ. ಸೊನ್ನೆಯಿಂದ 0.7 ವೋಲ್ಟಿನವರೆಗೆ 256 ಛಾಯೆಗಳನ್ನು ಗುರುತಿಸಬೇಕೆಂದರೆ ಒಂದು ಛಾಯೆಗೂ ಮುಂದಿನದಕ್ಕೂ ಇರುವ ಅಂತರ ಸುಮಾರು 2.7 ಮಿಲಿವೋಲ್ಟ್. ಅಷ್ಟು ಅಲ್ಪ ವೋಲ್ಟೇಜನ್ನು ಪಕ್ಕದಲ್ಲಿ ಹಾದುಹೋಗುವ ವಿದ್ಯುತ್ ತಂತಿಯೇ ಪ್ರೇರಿಸಬಲ್ಲದು. ಪ್ರೊಜೆಕ್ಟರಿಗೂ ಗಣಕಯಂತ್ರಕ್ಕೂ ಬೇರೆ ಬೇರೆ ಗೋಡೆಗಳಿಂದ ವಿದ್ಯುತ್ತು ಕೊಟ್ಟು, ಎರಡರ ಭೂಸಂಪರ್ಕಗಳ ಮಟ್ಟದಲ್ಲಿ ಕೊಂಚ ವ್ಯತ್ಯಾಸವಿದ್ದರೆ, ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಹರಿಯತೊಡಗುತ್ತವೆ.

ಎರಡು ಸಲ ಅನುವಾದ

ಇಷ್ಟೆಲ್ಲ ಕೊರತೆಗಳಿದ್ದರೂ ವಿ.ಜಿ.ಎ. ಬಹುಕಾಲ ಬಾಳಿತು. ಅದಕ್ಕೆ ಒಂದು ಕಾರಣವುಂಟು. ಆ ಕಾಲದ ಪರದೆ ಗಾಜಿನ ಕೊಳವೆಯದು. ಅದರೊಳಗೆ ಎಲೆಕ್ಟ್ರಾನುಗಳ ಕಿರಣ ಎಡದಿಂದ ಬಲಕ್ಕೆ ಓಡಾಡುತ್ತಿತ್ತು. ವೋಲ್ಟೇಜು ಹೆಚ್ಚಿದಂತೆ ಕಿರಣ ಬಲವಾಗಿ ಬೆಳಕು ಹೆಚ್ಚುತ್ತಿತ್ತು. ತಂತಿ ಹೇಳುವುದೂ ಪರದೆ ಕೇಳುವುದೂ ಒಂದೇ ಭಾಷೆಯಾಗಿತ್ತು.

ಈ ಶತಮಾನದ ಮೊದಲ ದಶಕದಲ್ಲಿ ದ್ರವಸ್ಫಟಿಕದ ಚಪ್ಪಟೆ ಪರದೆಗಳು ಕೊಳವೆಯನ್ನು ಹಿಂದಕ್ಕೆ ಸರಿಸಿದವು. ಇವುಗಳಲ್ಲಿ ಓಡುವ ಕಿರಣವಿಲ್ಲ, ಎಣಿಸಿಟ್ಟ ಚುಕ್ಕೆಗಳಿವೆ. ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಬೇಕು. ಗಣಕಯಂತ್ರದ ಸ್ಮೃತಿಯಲ್ಲಿರುವುದೂ ಸಂಖ್ಯೆಯೇ. ಹೀಗಿರಲಾಗಿ, ನಡುವೆ ವಿ.ಜಿ.ಎ. ತಂತಿ ಇದ್ದರೆ ಆಗುವುದೇನು? ಗಣಕಯಂತ್ರ ಸಂಖ್ಯೆಯನ್ನು ವೋಲ್ಟೇಜಾಗಿ ಮಾಡುತ್ತದೆ. ಪರದೆ ಆ ವೋಲ್ಟೇಜನ್ನು ಅಳೆದು ಮತ್ತೆ ಸಂಖ್ಯೆ ಮಾಡುತ್ತದೆ. ಕನ್ನಡದ ಕಾಗದವನ್ನು ಪರಭಾಷೆಗೆ ತಿರುಗಿಸಿ ಕಳುಹಿಸಿ, ಅಲ್ಲಿ ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿದಂತೆ.

ಅದಲ್ಲದೆ, ವಿ.ಜಿ.ಎ. ತಂತಿಯಲ್ಲಿ ಗೆರೆ ಮುಗಿದ ಗುರುತು ಇದೆಯೇ ಹೊರತು ಚುಕ್ಕೆ ಮುಗಿದ ಗುರುತು ಇಲ್ಲ. ಗೆರೆಗೆ ಎಷ್ಟು ಚುಕ್ಕೆಯ ಕಾಲ ಎಂಬುದನ್ನು ಪರದೆಯೇ ಊಹಿಸಬೇಕು. 1024 ಚುಕ್ಕೆಗಳ ಗೆರೆಯಲ್ಲಿ, ಕಾಣದ ಬಿಡುವಿನ ಕಾಲವನ್ನೂ ಸೇರಿಸಿ, ಒಟ್ಟು 1344 ಚುಕ್ಕೆಗಳ ಅವಧಿ ಇರುತ್ತದೆ. ಪರದೆ ಅದನ್ನು 1343 ಎಂದು ಎಣಿಸಿದರೆ ಪರದೆಯ ಮೇಲೆಲ್ಲೋ ಒಂದು ಕಡೆ ಉದ್ದುದ್ದ ಮಸುಕಿನ ಪಟ್ಟಿ ಬೀಳುತ್ತದೆ. ಪರದೆಯ ಅಂಚಿನಲ್ಲಿರುವ "ಆಟೋ" ಎಂಬ ಗುಂಡಿಯನ್ನು ಒತ್ತಿದಾಗ ಚಿತ್ರ ಒಮ್ಮೆ ನಡುಗಿ ಸರಿಯಾಗುವುದನ್ನು ನೋಡಿದ್ದೀರಷ್ಟೆ? ಪರದೆ ಆಗ ಮಾಡುವುದು ಈ ಎಣಿಕೆಯನ್ನೇ.

ಎಣಿಸಿ ಹೇಳುವ ಪದ್ಧತಿ

ಸಂಖ್ಯೆಯನ್ನು ಸಂಖ್ಯೆಯಾಗಿಯೇ ಕಳುಹಿಸಿದರೆ ಆಗದೆ? ಇಳಕಲ್ ಸೀರೆಯ ಮೇಲೆ ಹಾಕುವ ಕಸೂತಿಯನ್ನು ನೆನೆಯೋಣ. ಗೋಪುರವನ್ನೋ ತೇರನ್ನೋ ಹಾಕುವ ಹೆಂಗಸು ಬಟ್ಟೆಯ ಮೇಲೆ ಗೀಚಿಕೊಂಡು ಹೊಲಿಯುವುದಿಲ್ಲ. ಎಳೆಗಳನ್ನು ಎಣಿಸಿ ಹೊಲಿಯುತ್ತಾಳೆ. ಕಣ್ಣಳತೆಯಿಂದ ನಕಲು ಮಾಡಿದ ಚಿತ್ರ ಕೈಯಿಂದ ಕೈಗೆ ಹೋದಂತೆ ಸ್ವಲ್ಪ ಸ್ವಲ್ಪವೇ ಮಾರ್ಪಡುತ್ತದೆ. "ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಬಲಕ್ಕೆ" ಎಂದು ಎಣಿಕೆಯನ್ನೇ ಹೇಳಿಕೊಟ್ಟರೆ, ಹೇಳುವವಳ ದನಿ ಎಷ್ಟೇ ಕ್ಷೀಣವಾಗಿದ್ದರೂ, ಕೇಳಿಸಿದ ಮಟ್ಟಿಗೆ ಗೋಪುರ ಮೊದಲಿನಂತೆಯೇ ಬರುತ್ತದೆ. ಇದೇ ಅಂಕೀಯ ಪದ್ಧತಿ, ಅಥವಾ ಡಿಜಿಟಲ್ ಪದ್ಧತಿ.

1999ರ ಡಿ.ವಿ.ಐ. ಮತ್ತು ಅದರ ಜಾಡಿನಲ್ಲಿ 2002ರ ಡಿಸೆಂಬರಿನಲ್ಲಿ ಪ್ರಕಟವಾದ ಎಚ್.ಡಿ.ಎಂ.ಐ. ಎಂಬ ಪದ್ಧತಿಗಳು ಹೀಗೆ ಕೆಲಸ ಮಾಡುತ್ತವೆ. ಪ್ರತಿ ಬಣ್ಣದ ಛಾಯೆಗೂ ಸೊನ್ನೆ ಮತ್ತು ಒಂದುಗಳಲ್ಲಿ ಬರೆದ ಎಂಟು ಅಂಕಿಗಳ ಸಂಖ್ಯೆ. ಮೂರು ಬಣ್ಣಕ್ಕೆ ಇಪ್ಪತ್ತನಾಲ್ಕು. ಒಂದೊಂದು ಅಂಕಿಯನ್ನೂ ಬಿಟ್ ಎನ್ನುತ್ತಾರೆ. 1920 × 1080 ಚುಕ್ಕೆಗಳ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳುಹಿಸಲು 298 ಕೋಟಿಗೂ ಹೆಚ್ಚು ಬಿಟ್ಟುಗಳು ಬೇಕಾಗುತ್ತವೆ. ಇವನ್ನು ಮೂರು ಜೋಡಿ ತಂತಿಗಳಲ್ಲಿ ಹಂಚುತ್ತಾರೆ. ನಾಲ್ಕನೆಯ ಜೋಡಿ ತಾಳ ಹಾಕುವ ಗಡಿಯಾರ. ಆದ್ದರಿಂದ ಚುಕ್ಕೆಗಳನ್ನು ಊಹಿಸಿ ಎಣಿಸುವ ಕಷ್ಟ ಪರದೆಗಿಲ್ಲ. ಎಂಟು ಬಿಟ್ಟುಗಳನ್ನು ಹಾಗೆಯೇ ಕಳುಹಿಸದೆ ಹತ್ತಾಗಿ ಹೆಚ್ಚಿಸಿ ಕಳುಹಿಸುತ್ತಾರೆ. ಸೊನ್ನೆ ಒಂದುಗಳ ನಡುವಣ ಜಿಗಿತಗಳು ಆದಷ್ಟು ಕಡಿಮೆಯಾಗಿ, ಒಟ್ಟಿನಲ್ಲಿ ಎರಡೂ ಸಮವಾಗಿ ಬರುವಂತೆ ಈ ಹೆಚ್ಚಿನ ಎರಡು ಬಿಟ್ಟುಗಳು ನೋಡಿಕೊಳ್ಳುತ್ತವೆ.

ಜೋಡಿ ತಂತಿ ಏಕೆ? ಮೊದಲನೆಯ ತಂತಿಯ ವೋಲ್ಟೇಜು ಎರಡನೆಯದಕ್ಕಿಂತ ಸುಮಾರು ಅರ್ಧ ವೋಲ್ಟ್ ಹೆಚ್ಚಿದ್ದರೆ ಅದು "ಒಂದು". ಅಷ್ಟೇ ಕಡಿಮೆಯಿದ್ದರೆ ಅದು "ಸೊನ್ನೆ". ಎರಡು ತಂತಿಗಳೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹೊರಗಿನ ಗದ್ದಲ ಎರಡರಲ್ಲಿಯೂ ಸಮನಾಗಿ ಸೇರುತ್ತದೆ. ಪರದೆ ನೋಡುವುದು ವ್ಯತ್ಯಾಸವನ್ನು ಮಾತ್ರ. ಎರಡಕ್ಕೂ ಸಮನಾಗಿ ಸೇರಿದ್ದು ಕಳೆದುಹೋಗುತ್ತದೆ. ಹೀಗೆ ವಿ.ಜಿ.ಎ.ಯನ್ನು ಕಾಡಿದ ಕೆಲವು ಮಿಲಿವೋಲ್ಟಿನ ಗದ್ದಲ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಡಿಜಿಟಲ್ ತಂತಿಯಲ್ಲಿ ಸಂಖ್ಯೆಗಳು ಹರಿಯುತ್ತವೆ ಎಂದು ನಾವು ಹೇಳಿದರೂ ತಾಮ್ರದಲ್ಲಿ ಹರಿಯುವುದು ಎಂದಿನಂತೆ ವಿದ್ಯುತ್ತೇ. ಕ್ಷಯ, ಪ್ರತಿಫಲನ, ಗದ್ದಲಗಳ ನಿಯಮಗಳು ಅದಕ್ಕೂ ಅನ್ವಯಿಸುತ್ತವೆ. ಬದಲಾದದ್ದು ಪರದೆ ಕೇಳುವ ಪ್ರಶ್ನೆ. "ಎಷ್ಟು?" ಎಂಬ ಪ್ರಶ್ನೆಯ ಸ್ಥಾನದಲ್ಲಿ "ಹೌದೋ, ಅಲ್ಲವೋ?" ಎಂಬ ಪ್ರಶ್ನೆ ಬಂದಿದೆ. ಅರ್ಧ ವೋಲ್ಟಿನ ವ್ಯತ್ಯಾಸ ಸವೆದು ಕಾಲು ವೋಲ್ಟಾದರೂ "ಹೌದು" ಹೌದಾಗಿಯೇ ಉಳಿಯುತ್ತದೆ. ಆದುದರಿಂದಲೇ ಚಿತ್ರದಲ್ಲಿ ಎಳ್ಳಷ್ಟೂ ಕೊರತೆ ಕಾಣುವುದಿಲ್ಲ.

ಆದರೆ ಸಂಕೇತ ಸವೆಯುತ್ತ ಹೋಗಿ ಹೌದು ಅಲ್ಲಗಳನ್ನು ಗುರುತಿಸಲಾಗದ ಹಂತ ಬಂದಾಗ, ಮೊದಲು ಪರದೆಯ ಮೇಲೆ ಅಲ್ಲಲ್ಲಿ ಮಿಣುಕು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಇನ್ನೂ ಸ್ವಲ್ಪ ಕೆಟ್ಟರೆ ಚಿತ್ರವೇ ಮಾಯವಾಗುತ್ತದೆ. ಹಳೆಯ ತಂತಿ ಇಳಿಜಾರಿನಲ್ಲಿ ನಡೆದಂತೆ ನಿಧಾನವಾಗಿ ಕೆಡುತ್ತದೆ; ಹೊಸ ತಂತಿ ಸಮನೆಲದಲ್ಲಿ ನಡೆಯುತ್ತಿದ್ದು ಬಂಡೆಯ ಅಂಚಿನಲ್ಲಿ ಥಟ್ಟನೆ ಬೀಳುತ್ತದೆ. ಉದ್ದದ ವಿ.ಜಿ.ಎ. ತಂತಿ ಮಸಕಾದ ಚಿತ್ರವನ್ನಾದರೂ ಕೊಡಬಹುದು. ಮಿತಿ ಮೀರಿದ ಉದ್ದದ ಎಚ್.ಡಿ.ಎಂ.ಐ. ತಂತಿ ಏನನ್ನೂ ಕೊಡುವುದಿಲ್ಲ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಚಿನ್ನದ ಲೇಪವುಳ್ಳ ದುಬಾರಿ ಎಚ್.ಡಿ.ಎಂ.ಐ. ತಂತಿ ಹಾಕಿದರೆ ಬಣ್ಣಗಳು ಹೆಚ್ಚು ಸೊಗಸಾಗುತ್ತವೆ ಎಂದು ಅಂಗಡಿಯಲ್ಲಿ ಹೇಳುವುದನ್ನು ಕೇಳಬಹುದು. ಅದೇ ಬಿಟ್ಟುಗಳು ತಪ್ಪಿಲ್ಲದೆ ತಲಪಿದ ಮೇಲೆ, ಅಗ್ಗದ ತಂತಿಯ ಚಿತ್ರಕ್ಕೂ ದುಬಾರಿ ತಂತಿಯ ಚಿತ್ರಕ್ಕೂ ಯಾವ ಭೇದವೂ ಇರಲಾರದು. ತಂತಿಯ ಗುಣ ಲೆಕ್ಕಕ್ಕೆ ಬರುವುದು ಉದ್ದವೂ ವೇಗವೂ ಹೆಚ್ಚಿದಾಗ ಮಾತ್ರ.

ತಂತಿಯೊಳಗಿನ ಸಂಭಾಷಣೆ

ತಂತಿಯಲ್ಲಿ ಚಿತ್ರ ಒಂದು ಕಡೆಗೆ ಹೋಗುವುದಲ್ಲದೆ, ಪರದೆಯಿಂದ ಗಣಕಯಂತ್ರಕ್ಕೂ ಮಾತು ಬರುತ್ತದೆ. "ನಾನು ಇಷ್ಟು ಚುಕ್ಕೆಗಳ ಪರದೆ, ಇಂತಿಂತಹ ವೇಗಗಳನ್ನು ತಾಳಬಲ್ಲೆ" ಎಂಬ ವಿವರ ಪರದೆಯೊಳಗಿನ ಪುಟ್ಟ ಸ್ಮೃತಿಯಲ್ಲಿ ಬರೆದಿರುತ್ತದೆ. ಅದರ ಮೂಲ ಗಾತ್ರ 128 ಬೈಟುಗಳು ಮಾತ್ರ. 1994ರಿಂದ ವಿ.ಜಿ.ಎ. ಪ್ಲಗ್ಗಿನ ಎರಡು ಪಿನ್ನುಗಳನ್ನು ಈ ಕೆಲಸಕ್ಕೆ ಮೀಸಲಿಟ್ಟರು. ಅಗ್ಗದ ತಂತಿಗಳಲ್ಲಿ ಈ ಎರಡು ಎಳೆಗಳು ಇಲ್ಲದಿರುವುದುಂಟು. ಪಿನ್ನು ಬಾಗಿ ಮುರಿದಿರುವುದೂ ಉಂಟು. ಆಗ ಚಿತ್ರ ಬಂದರೂ ಅಳತೆ ಹೊಂದುವುದಿಲ್ಲ. ಅಕ್ಷರಗಳು ಹಿಗ್ಗಿದಂತೆಯೋ ಕುಗ್ಗಿದಂತೆಯೋ ಕಾಣುತ್ತವೆ. ಎಚ್.ಡಿ.ಎಂ.ಐ.ಯ 19 ಪಿನ್ನುಗಳಲ್ಲಿ ಈ ಸಂಭಾಷಣೆಗೆ ಖಾಯಂ ಸ್ಥಳವಿದೆ. ಧ್ವನಿಯೂ ಚಿತ್ರದೊಡನೆ ಅದೇ ತಂತಿಯಲ್ಲಿ ಹೋಗುತ್ತದೆ.

ಇನ್ನೊಂದು ಸಂಭಾಷಣೆ ಅಷ್ಟು ಸ್ನೇಹದ್ದಲ್ಲ. ಹಕ್ಕುಗಳನ್ನು ಕಾಯ್ದಿರಿಸಿದ ಚಲನಚಿತ್ರಗಳನ್ನು ಯಾರೂ ತಂತಿಯಿಂದ ನಕಲು ಮಾಡಿಕೊಳ್ಳದಿರಲೆಂದು ಎಚ್.ಡಿ.ಸಿ.ಪಿ. ಎಂಬ ಗುಪ್ತಲಿಪಿಯ ಏರ್ಪಾಡಿದೆ. ಪರದೆಯು ಸರಿಯಾದ ಗುರುತು ಹೇಳದಿದ್ದರೆ ಗಣಕಯಂತ್ರ ಆ ಚಿತ್ರವನ್ನು ಕೊಡುವುದಿಲ್ಲ. ಪಾಠದ ಪುಟಗಳು ಪರದೆಯ ಮೇಲೆ ಚೆನ್ನಾಗಿ ಕಂಡು, ಚಲನಚಿತ್ರ ಹಾಕಿದೊಡನೆ ಕತ್ತಲೆಯಾದರೆ, ತಂತಿ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ.

ಹೊಸಬರಲ್ಲಿ ಇನ್ನೂ ಹೊಸಬರು

2006ರಲ್ಲಿ ಬಂದ ಡಿಸ್‌ಪ್ಲೇಪೋರ್ಟ್ ಪದ್ಧತಿ ಚಿತ್ರವನ್ನು ಗೆರೆಗಳ ಹರಿವಾಗಿ ಕಳುಹಿಸದೆ, ಅಂಚೆಯ ಲಕೋಟೆಗಳಂತೆ ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ ಕಳುಹಿಸುತ್ತದೆ. ಗಡಿಯಾರಕ್ಕೆ ಬೇರೆ ಜೋಡಿ ಇಲ್ಲ. ಬಿಟ್ಟುಗಳ ಏರಿಳಿತದಿಂದಲೇ ಪರದೆ ತಾಳವನ್ನು ಹಿಡಿದುಕೊಳ್ಳುತ್ತದೆ. 2014ರಲ್ಲಿ ಬಂದ ಯು.ಎಸ್.ಬಿ.-ಸಿ ಎಂಬ ಪುಟ್ಟ ಪ್ಲಗ್ಗಿನ ಮೂಲಕವೂ ಇದೇ ಸಂಕೇತವನ್ನು ಕಳುಹಿಸಬಹುದು. ಆದರೆ ಆಕಾರ ಒಂದೇ ಎಂದ ಮಾತ್ರಕ್ಕೆ ಎಲ್ಲ ಯು.ಎಸ್.ಬಿ.-ಸಿ ಕಿಂಡಿಗಳೂ ಚಿತ್ರವನ್ನು ಕೊಡುತ್ತವೆ ಎಂದು ನಂಬಬಾರದು. ಕೊಳ್ಳುವ ಮೊದಲು ಆ ಲ್ಯಾಪ್‌ಟಾಪಿನ ವಿವರ ಪತ್ರಿಕೆಯನ್ನು ನೋಡಿಕೊಳ್ಳಬೇಕು.

ಎಚ್.ಡಿ.ಎಂ.ಐ. ಕೂಡ ನಿಂತಲ್ಲೇ ನಿಂತಿಲ್ಲ. 2013ರ 2.0 ಆವೃತ್ತಿಯ ಮಿತಿ ಸೆಕೆಂಡಿಗೆ 18 ಗಿಗಾಬಿಟ್, 2017ರ 2.1 ಆವೃತ್ತಿಯದು 48, 2025ರ 2.2 ಆವೃತ್ತಿಯದು 96. ಗಿಗಾಬಿಟ್ ಎಂದರೆ ನೂರು ಕೋಟಿ ಬಿಟ್ಟುಗಳು. ಇತ್ತ 2010ರ ಡಿಸೆಂಬರಿನಲ್ಲಿ ಇಂಟೆಲ್, ಎ.ಎಂ.ಡಿ. ಮತ್ತು ಗಣಕಯಂತ್ರಗಳ ಕೆಲವು ದೊಡ್ಡ ತಯಾರಕರು, 2015ರ ಹೊತ್ತಿಗೆ ವಿ.ಜಿ.ಎ.ಯನ್ನು ಕೈಬಿಡುವುದಾಗಿ ಸಾರಿದರು. ಇಂದಿನ ಲ್ಯಾಪ್‌ಟಾಪುಗಳಲ್ಲಿ ನೀಲಿ ಪ್ಲಗ್ಗಿಗೆ ಸ್ಥಳವಿಲ್ಲದಿರುವುದರ ಹಿನ್ನೆಲೆ ಇದು.

ಹಳೆಯದನ್ನೂ ಹೊಸದನ್ನೂ ಹೊಂದಿಸುವುದು

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಹೊಸ ಲ್ಯಾಪ್‌ಟಾಪಿಗೆ ಹಳೆಯ ಪ್ರೊಜೆಕ್ಟರನ್ನು ಕೂಡಿಸಬಹುದೆ? ಖಂಡಿತ ಕೂಡಿಸಬಹುದು. ಆದರೆ ಒಂದು ತುದಿಗೆ ಎಚ್.ಡಿ.ಎಂ.ಐ. ಪ್ಲಗ್ಗನ್ನೂ ಇನ್ನೊಂದು ತುದಿಗೆ ವಿ.ಜಿ.ಎ. ಪ್ಲಗ್ಗನ್ನೂ ಬೆಸೆದ ಬರಿಯ ತಂತಿ ಸಾಲದು. ಸೊನ್ನೆ ಒಂದುಗಳನ್ನು ಓದಿ ಅವುಗಳಿಂದ 0.7 ವೋಲ್ಟಿನವರೆಗಿನ ಏರಿಳಿತವನ್ನು ಹುಟ್ಟಿಸುವ ವಿದ್ಯುನ್ಮಂಡಲ ನಡುವೆ ಇರಲೇಬೇಕು. 1975ರಲ್ಲಿ ಹಳ್ಳಿಯ ಪೆಟ್ಟಿಗೆಗೂ ಆಂಟೆನಾಕ್ಕೂ ನಡುವೆ ಪರಿವರ್ತಕ ಬೇಕಾದ ಹಾಗೆಯೇ ಇದೂ. ಕೆಲವು ನೂರು ರೂಪಾಯಿಗೆ ದೊರೆಯುವ, ಬೆಂಕಿಪೊಟ್ಟಣದಷ್ಟು ದೊಡ್ಡ ಪರಿವರ್ತಕ ಈ ಕೆಲಸವನ್ನು ಮಾಡುತ್ತದೆ. ಅದಕ್ಕೆ ಬೇಕಾದ ಅಲ್ಪ ಶಕ್ತಿ ಎಚ್.ಡಿ.ಎಂ.ಐ.ಯ 5 ವೋಲ್ಟಿನ ಪಿನ್ನಿನಿಂದಲೇ ದೊರೆಯುತ್ತದೆ. ವಿ.ಜಿ.ಎ.ಯಲ್ಲಿ ಧ್ವನಿಗೆ ಎಳೆ ಇಲ್ಲವಾದ್ದರಿಂದ ಧ್ವನಿಗೆ ಪ್ರತ್ಯೇಕ ತಂತಿ ಬೇಕು.

ಪರಿವರ್ತಕವನ್ನು ಕೊಳ್ಳುವಾಗ ದಿಕ್ಕನ್ನು ಮರೆಯಬಾರದು. ಎಚ್.ಡಿ.ಎಂ.ಐ.ಯಿಂದ ವಿ.ಜಿ.ಎ.ಗೆ ತಿರುಗಿಸುವುದು ಒಂದು ಉಪಕರಣ; ಹಳೆಯ ಗಣಕಯಂತ್ರದ ವಿ.ಜಿ.ಎ.ಯಿಂದ ಹೊಸ ಪರದೆಯ ಎಚ್.ಡಿ.ಎಂ.ಐ.ಗೆ ತಿರುಗಿಸುವುದು ಬೇರೆಯೇ ಉಪಕರಣ. ಎರಡನೆಯದು ವೋಲ್ಟೇಜನ್ನು ಅಳೆದು ಸಂಖ್ಯೆ ಮಾಡಬೇಕು, ವಿ.ಜಿ.ಎ. ಶಕ್ತಿಯನ್ನು ಧಾರಾಳವಾಗಿ ಕೊಡದಿರುವುದರಿಂದ ಅದಕ್ಕೆ ಹೊರಗಿನಿಂದ ವಿದ್ಯುತ್ತು ಕೊಡಬೇಕಾಗುವುದೇ ಹೆಚ್ಚು. ಡಿ.ವಿ.ಐ.ಯ ಡಿಜಿಟಲ್ ಪಿನ್ನುಗಳಿಗೂ ಎಚ್.ಡಿ.ಎಂ.ಐ.ಗೂ ಮಾತ್ರ ಭಾಷೆ ಒಂದೇ. ಅಲ್ಲಿ ಪ್ಲಗ್ಗಿನ ಆಕಾರ ಬದಲಿಸುವ ಬರಿಯ ಜೋಡಣೆ ಸಾಕು.

1024 × 768 ಚುಕ್ಕೆಗಳ ಪ್ರೊಜೆಕ್ಟರಿಗೆ, ಹತ್ತು ಮೀಟರಿಗಿಂತ ಗಿಡ್ಡನೆಯ ಒಳ್ಳೆಯ ವಿ.ಜಿ.ಎ. ತಂತಿ ಇದ್ದರೆ, ತರಗತಿಯ ಪಾಠಕ್ಕೆ ಯಾವ ಕೊರತೆಯೂ ಆಗದು. ಪರಿವರ್ತಕವನ್ನು ಗಣಕಯಂತ್ರದ ಬಳಿಯಲ್ಲೇ ಇಟ್ಟು, ಗಣಕಯಂತ್ರದಲ್ಲಿ ಚಿತ್ರದ ಅಳತೆಯನ್ನು ಪ್ರೊಜೆಕ್ಟರಿನ ಚುಕ್ಕೆಗಳಿಗೆ ಸರಿಯಾಗಿ ಹೊಂದಿಸಿ, "ಆಟೋ" ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು. ನೆರಳು ಬಿದ್ದರೆ ನಡುವಣ ಜೋಡಣೆಗಳನ್ನು ಕಡಿಮೆ ಮಾಡಬೇಕು. ಪಟ್ಟೆಗಳು ಹರಿದರೆ ಎರಡು ಉಪಕರಣಗಳಿಗೂ ಒಂದೇ ಕಡೆಯಿಂದ ವಿದ್ಯುತ್ತು ಕೊಡಬೇಕು. ಇದೆಲ್ಲವನ್ನೂ ಮಾಡಿಯೂ ಚಿತ್ರ ಬರದಿದ್ದರೆ ಆಗ ಹೊಸ ಪ್ರೊಜೆಕ್ಟರಿನ ಮಾತು. ಹೊಸದಾಗಿ ಗೋಡೆಯೊಳಗೆ ತಂತಿ ಹಾಕಿಸುವವರು ಮಾತ್ರ ವಿ.ಜಿ.ಎ. ಹಾಕಿಸಬಾರದು, ಉದ್ದ ಹೆಚ್ಚಿದ್ದರೆ, ಗೋಡೆಗೆ ಸೇರಿಸುವ ಮೊದಲೇ ಎಚ್.ಡಿ.ಎಂ.ಐ. ತಂತಿಯನ್ನು ನೆಲದ ಮೇಲೆ ಹರಡಿ, ಚಿತ್ರ ಬರುವುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಈ ಎಚ್ಚರಿಕೆಗೂ ಕಾರಣವಿದೆ. ವೇಗ ಹೆಚ್ಚುತ್ತ ಹೋದಂತೆ ತಾಮ್ರದ ಹಳೆಯ ನಿಯಮಗಳು ಹೊಸ ತಂತಿಯನ್ನೂ ಬಿಡುವುದಿಲ್ಲ. 1920 × 1080ರ ಚಿತ್ರಕ್ಕೆ ಹತ್ತು ಮೀಟರ್ ತಾಳಿಕೊಂಡ ತಂತಿ ಅದರ ನಾಲ್ಕು ಪಟ್ಟು ಚುಕ್ಕೆಗಳ ಚಿತ್ರಕ್ಕೆ ಸೋಲಬಹುದು. 48 ಗಿಗಾಬಿಟ್ಟಿನ ವೇಗದಲ್ಲಿ ಸಾಮಾನ್ಯ ತಾಮ್ರದ ತಂತಿ ಕೆಲವೇ ಮೀಟರುಗಳಲ್ಲಿ ದಣಿಯುತ್ತದೆ. ಆದ್ದರಿಂದ ಉದ್ದ ದೂರಗಳಿಗೆ ಬಿಟ್ಟುಗಳನ್ನು ಬೆಳಕಿನ ಮಿಡಿತಗಳಾಗಿ ಮಾಡಿ ಗಾಜಿನ ಎಳೆಯಲ್ಲಿ ಕಳುಹಿಸುವ ತಂತಿಗಳು ಬಂದಿವೆ. ಇವುಗಳ ಒಂದು ತುದಿಯಲ್ಲಿ ವಿದ್ಯುತ್ತನ್ನು ಬೆಳಕಾಗಿಸುವ, ಇನ್ನೊಂದು ತುದಿಯಲ್ಲಿ ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವ ಪುಟ್ಟ ಮಂಡಲಗಳು ಪ್ಲಗ್ಗಿನೊಳಗೇ ಅಡಗಿವೆ. ಆದುದರಿಂದ ಅಂತಹ ತಂತಿಗೆ ತಲೆ ಬುಡ ಎಂಬುದುಂಟು. ಗಣಕಯಂತ್ರದ ಕಡೆಯ ತುದಿಯನ್ನು ಪರದೆಗೆ ಚುಚ್ಚಿದರೆ ಚಿತ್ರ ಬರುವುದಿಲ್ಲ. ಎರಡು ತುದಿಗಳ ಮೇಲೂ ಗುರುತು ಬರೆದಿರುತ್ತಾರೆ. ಅದನ್ನು ನೋಡಿ ಚುಚ್ಚುವುದಷ್ಟೇ ನಮ್ಮ ಕೆಲಸ.